ಹಳೇ ಸೋಲ್, ಹಳೇ ಹಿಪ್‌ಹಾಪ್: ನಿಮ್ಮ ಕಿವಿಗೊಂದು ಪರೀಕ್ಷೆ

ಹೋದ ಮಳೆಗಾಲದ ಒಂದು ಶನಿವಾರ ಗೆಳೆಯನ ಮನೆಯಲ್ಲಿ ಐದಾರು ಜನ ಸೇರಿದ್ದೆವು. ಹೊರಗೆ ಜಡಿಮಳೆ. ಕರೆಂಟು ಹೋಗುವುದು, ಬರುವುದು ನಡೆದೇ ಇತ್ತು. ಅಂತ್ಯಾಕ್ಷರಿ ಆಡಿ ಸಾಕಾದ ಮೇಲೆ ಗೆಳೆಯ ಫೋನಿಗೆ ಒಂದು ಸ್ಪೀಕರ್ ಜೋಡಿಸಿ ಬೇರೆ ಆಟ ತೆಗೆದ. ಅವನು ಒಂದು ಹಾಡಿನ ಹತ್ತು ಸೆಕೆಂಡು ಹಾಕುತ್ತಾನೆ, ಯಾವ ಹಾಡು ಅಂತ ನಾವು ಹೇಳಬೇಕು. ಎಲ್ಲವೂ ಅಮೆರಿಕದ ಹಳೇ ಸೋಲ್ (ಚರ್ಚಿನ ಭಜನೆಯ ಆವೇಶದಲ್ಲಿ ಪ್ರೀತಿಯ ಮಾತು ಹಾಡುವ ಬಗೆ) ಮತ್ತು ಹಿಪ್‌ಹಾಪ್ ಹಾಡುಗಳು.

ನಮ್ಮಲ್ಲಿ ಒಬ್ಬನಿಗೆ ಇದೆಲ್ಲ ಬಾಯಿಪಾಠ. ಹಾಡು, ಹಾಡಿದವರು, ಇಸವಿ, ಯಾವುದು ಕೇಳಿದರೂ ಹೇಳುತ್ತಾನೆ. ಒಂದು ಪಲ್ಲವಿ ಶುರುವಾದ ತಕ್ಷಣ "ಫ್ಯೂಜೀಸ್, ರೆಡಿ ಆರ್ ನಾಟ್, 1996" ಅಂದ. ಗೆಳೆಯ ತಲೆ ಅಲ್ಲಾಡಿಸಿದ. ಅದು 1968ರ ಹಾಡು. ಫಿಲಡೆಲ್ಫಿಯಾದ ಡೆಲ್‌ಫೋನಿಕ್ಸ್ ಅನ್ನುವ ಗುಂಪಿನದು. ಆಮೇಲೆ ಅವನು ಫ್ಯೂಜೀಸ್ ಅನ್ನುವ ಹಿಪ್‌ಹಾಪ್ ಗುಂಪಿನ ಹಾಡನ್ನೂ ಹಾಕಿದ. ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದ ಅವನ ಅಮ್ಮ ಅಲ್ಲಿಂದಲೇ ಕೂಗಿದರು: "ಈಗ ತಾನೇ ಇದನ್ನೇ ಹಾಕಿದ್ಯಲ್ಲೋ. ಆಗ ಗಂಡಸರು ಹಾಡಿದ್ರು, ಈಗ ಹೆಂಗಸು ಹಾಡ್ತಿದಾಳೆ."

ಹಿಪ್‌ಹಾಪ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಆದರೆ ಸಿನಿಮಾ ಹಾಡು ಕೇಳಿ "ಇದು ಮೋಹನ, ಇದು ಆಭೇರಿ" ಅಂತ ಹೇಳುವ ಕಿವಿ ಅವರದು. ಆ ಕಿವಿಗೆ ಡೆಲ್‌ಫೋನಿಕ್ಸ್ ಆದರೇನು, ಫ್ಯೂಜೀಸ್ ಆದರೇನು?

ಈ ಹಾಡುಗಳ ಬಗ್ಗೆ ಯಾರಿಗೆ ಎಷ್ಟು ಗೊತ್ತು ಅಂತ ಅಳೆಯೋಕೆ ಹೊರಟರೆ ಇದೇ ಸರಿಯಾದ ಅಳತೆ ಅಂತ ನನಗೆ ಅವತ್ತು ಅನ್ನಿಸಿತು. ಹೆಸರು, ಇಸವಿ ಕೇಳುವ ಕ್ವಿಜ್ ಬೇಕಾದಷ್ಟು ಇವೆ. ಅವು ನೆನಪಿನ ಪರೀಕ್ಷೆ. ಹಿಪ್‌ಹಾಪ್ ಹುಟ್ಟಿದ್ದೇ ಹಳೇ ಹಾಡಿನ ಹೊಟ್ಟೆಯಿಂದ. ಹಾಗಾಗಿ ಒಂದು ಹಾಡಿನೊಳಗೆ ಇನ್ನೊಂದು ಹಾಡು ಕೇಳಿಸುತ್ತದಾ ಅನ್ನುವುದೇ ಅಸಲಿ ಪ್ರಶ್ನೆ. ಅದು ಕೇಳಿಸಬೇಕಾದರೆ ಈ ಹಾಡುಗಳನ್ನು ಹೇಗೆ ಮಾಡುತ್ತಿದ್ದರು ಅಂತ ಸ್ವಲ್ಪ ಗೊತ್ತಿರಬೇಕು.

ತನಿಗಾಗಿ ಕಾಯುವ ಜನ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520, ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಒಂದು ಅಪಾರ್ಟ್‌ಮೆಂಟ್ ಇದೆ. 1973ರ ಆಗಸ್ಟ್ 11ರಂದು ಅಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಸ್ಕೂಲು ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಹಾಡು ಹಾಕುವ ಕೆಲಸ ಅವಳ ಅಣ್ಣ ಕ್ಲೈವ್‌ನದು. ಜಮೈಕಾದಲ್ಲಿ ಹುಟ್ಟಿ ಬಂದ ಹುಡುಗ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕೂಲ್ ಹರ್ಕ್ ಅಂತ.

ಪಾರ್ಟಿಗಳಲ್ಲಿ ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡು ಪೂರ್ತಿ ಓಡುವಾಗ ಜನ ಸುಮ್ನೆ ನಿಂತಿರುತ್ತಾರೆ. ಗಾಯಕ ಸುಮ್ಮನಾಗಿ, ಕೊಂಬು ಕಹಳೆ ಎಲ್ಲ ನಿಂತು, ಬರೀ ಡ್ರಮ್ ಉಳಿಯುವ ಜಾಗ ಬಂದರೆ ಮಾತ್ರ ಹುಚ್ಚು ಹಿಡಿದವರ ಹಾಗೆ ಕುಣಿಯುತ್ತಾರೆ. ಆ ಜಾಗಕ್ಕೆ ಬ್ರೇಕ್ ಅಂತ ಹೆಸರು. ನಮ್ಮ ಕಚೇರಿಯಲ್ಲಿ ತನಿ ಆವರ್ತನ ಬರುತ್ತದಲ್ವಾ, ಸುಮಾರಾಗಿ ಹಾಗೆ. ಎಲ್ಲರೂ ಸುಮ್ಮನಾಗಿ ಮೃದಂಗ ಮಾತ್ರ ಮಾತಾಡುವ ಹೊತ್ತು. ನಮ್ಮಲ್ಲಿ ತನಿ ಬಂದ ಕೂಡಲೇ ಕೆಲವರು ಕಾಫಿಗೆ ಏಳುತ್ತಾರೆ. ಬ್ರಾಂಕ್ಸ್‌ನಲ್ಲಿ ಜನ ಅದಕ್ಕಾಗಿಯೇ ಕಾಯುತ್ತಿದ್ದರು.

ತೊಂದರೆ ಏನಂದರೆ ಬ್ರೇಕ್ ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಹರ್ಕ್ ಇದಕ್ಕೆ ಒಂದು ದಾರಿ ಹುಡುಕಿದ. ಒಂದೇ ರೆಕಾರ್ಡಿನ ಎರಡು ಪ್ರತಿ, ಎರಡು ಟರ್ನ್‌ಟೇಬಲ್. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು. ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ ಇಟ್ಟಿರುತ್ತಾನೆ. ಹತ್ತು ಸೆಕೆಂಡಿನ ತನಿ ಐದು ನಿಮಿಷ ಓಡತೊಡಗಿತು. ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಇನ್ನೊಬ್ಬ ಹಾಡು ಹಾಕುವವನು ಬಂದ ಮೇಲೆ ಈ ಕೆಲಸ ಇನ್ನೂ ಚೊಕ್ಕವಾಯಿತು. ಬ್ರೇಕ್ ಎಲ್ಲಿ ಶುರುವಾಗುತ್ತದೆ ಅಂತ ಅವನು ರೆಕಾರ್ಡಿನ ಮೇಲೆ ಕ್ರೇಯಾನ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ.

ಹಿಪ್‌ಹಾಪ್‌ನ ಬುನಾದಿ ಇಷ್ಟೇ. ಬೇರೆಯವರ ಹಾಡಿನ ಒಂದು ಚೂರು, ಮತ್ತೆ ಮತ್ತೆ. ಅದರ ಮೇಲೆ ಒಬ್ಬ ತಾಳಕ್ಕೆ ಸರಿಯಾಗಿ ಮಾತಾಡುತ್ತಾನೆ, ಅದೇ ರ‍್ಯಾಪ್.

ತುಣುಕೋ, ಮತ್ತೆ ನುಡಿಸಿದ್ದೋ?

ಈಗ ಒಂದು ಪ್ರಶ್ನೆ. ರೇಡಿಯೋದಲ್ಲಿ ಜನಪ್ರಿಯವಾದ ಮೊದಲ ದೊಡ್ಡ ರ‍್ಯಾಪ್ ಹಾಡು 1979ರ 'ರ‍್ಯಾಪರ್ಸ್ ಡಿಲೈಟ್'. ಅದರ ಕೆಳಗೆ ಓಡುವ ಬಾಸ್ ಗಿಟಾರ್ ಅದೇ ವರ್ಷ ಬಂದ 'ಗುಡ್ ಟೈಮ್ಸ್' ಹಾಡಿನದು. ಅದು ಶೀಕ್ ಎನ್ನುವ ಬ್ಯಾಂಡಿನ ಹಾಡು. ಹಾಗಾದರೆ 'ರ‍್ಯಾಪರ್ಸ್ ಡಿಲೈಟ್'ನಲ್ಲಿ ಶೀಕ್‌ನ ಸ್ಯಾಂಪಲ್ ಇದೆಯಾ?

ಇಲ್ಲ. ಬಹಳ ಜನ ಇಲ್ಲಿ ತಪ್ಪು ಹೇಳುತ್ತಾರೆ. ಸ್ಟುಡಿಯೋದಲ್ಲಿ ವಾದ್ಯಗಾರರನ್ನು ಕೂರಿಸಿ ಅದೇ ಬಾಸ್‌ಲೈನನ್ನು ಮತ್ತೆ ನುಡಿಸಿದ್ದರು. ಸ್ಯಾಂಪಲ್ ಅಂದರೆ ಹಳೇ ರೆಕಾರ್ಡಿನ ಸದ್ದನ್ನೇ ಕತ್ತರಿಸಿ ತರುವುದು. ಮತ್ತೆ ನುಡಿಸಿದರೆ ಬರುವುದು ಧಾಟಿ ಮಾತ್ರ, ಸದ್ದು ಹೊಸದು. ಅಜ್ಜಿಯ ಸೀರೆಯನ್ನೇ ಕತ್ತರಿಸಿ ಕೌದಿಗೆ ಹೊಲಿಯುವುದಕ್ಕೂ, ಅದೇ ಅಂಚಿನ ಹೊಸ ಸೀರೆ ನೇಯಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಕಾನೂನಿನಲ್ಲೂ ಇವೆರಡು ಬೇರೆ ಬೇರೆ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಒಂದು ರಾಗ, ಸಾಹಿತ್ಯ. ಅದು ಬರೆದವರದು. ಇನ್ನೊಂದು ಆ ದಿನ ಆ ಸ್ಟುಡಿಯೋದಲ್ಲಿ ರೆಕಾರ್ಡಾದ ಸದ್ದು. ಅದು ಸಾಮಾನ್ಯವಾಗಿ ಕಂಪನಿಯದು. ಸ್ಯಾಂಪಲ್ ಮಾಡಿದರೆ ಇಬ್ಬರನ್ನೂ ಕೇಳಬೇಕು. ಮತ್ತೆ ನುಡಿಸಿದರೆ ಬರೆದವರನ್ನು ಕೇಳಿದರೆ ಸಾಕು. 'ಗುಡ್ ಟೈಮ್ಸ್' ಬರೆದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಸುಮ್ಮನೆ ಕೂರಲಿಲ್ಲ. ಕೊನೆಗೆ 'ರ‍್ಯಾಪರ್ಸ್ ಡಿಲೈಟ್'ಗೂ ಅವರ ಹೆಸರು ಸೇರಿತು.

ಆ ಹಾಡನ್ನು ಹೊರತಂದ ಸಿಲ್ವಿಯಾ ರಾಬಿನ್ಸನ್ ಸ್ವತಃ ಗಾಯಕಿ. 1973ರಲ್ಲಿ 'ಪಿಲೋ ಟಾಕ್' ಅನ್ನುವ ಸೋಲ್ ಹಾಡು ಹಾಡಿ ಹೆಸರು ಮಾಡಿದವರು. ಸೋಲ್ ಬೇರೆ, ಹಿಪ್‌ಹಾಪ್ ಬೇರೆ ಅಂತ ಗೆರೆ ಎಳೆಯುವವರು ಅವರನ್ನು ಯಾವ ಕಡೆ ನಿಲ್ಲಿಸುತ್ತಾರೋ!

ಸ್ಯಾಂಪಲ್ ಅನ್ನುವುದು ಕೈಕೆಲಸದಿಂದ ಯಂತ್ರದ ಕೆಲಸವಾಗಿದ್ದು 80ರ ದಶಕದಲ್ಲಿ. 1987ರಲ್ಲಿ ಇ-ಮ್ಯು ಕಂಪನಿಯ ಎಸ್‌ಪಿ-1200 ಅನ್ನುವ ಡಬ್ಬಿ ಬಂತು. ಎಂಟು ಗುಂಡಿ. ಗುಂಡಿ ಒತ್ತಿದರೆ ಒಳಗಿಟ್ಟ ಸದ್ದು ಹೊರಗೆ ಬರುತ್ತದೆ. ಆದರೆ ಅದರ ಹೊಟ್ಟೆ ಚಿಕ್ಕದು, ಒಟ್ಟು ಸುಮಾರು 10 ಸೆಕೆಂಡಿನ ಸದ್ದು ಮಾತ್ರ ಹಿಡಿಯುತ್ತಿತ್ತು. ಆಗಿನ ಹುಡುಗರು ಇದಕ್ಕೂ ಉಪಾಯ ಹೂಡಿದರು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಒಳಗೆ ತುಂಬುವುದು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡಿಕೊಳ್ಳುವುದು. ಹೀಗೆ 10 ಸೆಕೆಂಡಿನ ಜಾಗದಲ್ಲಿ 13 ಸೆಕೆಂಡಿನಷ್ಟು ಹಾಡು ಹಿಡಿಯುತ್ತಿತ್ತು. ಹಾಗೆ ಹಿಗ್ಗಿಸಿದಾಗ ಸದ್ದು ಒರಟಾಗುತ್ತದೆ, ಅಂಚೆಲ್ಲ ತರಿತರಿ. ಆ ಕಾಲದ ಹಿಪ್‌ಹಾಪ್ ಡ್ರಮ್ ಕೇಳಿದರೆ ಮರಳಿನ ಮೇಲೆ ಹೆಜ್ಜೆ ಇಟ್ಟ ಹಾಗೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಆ ತರಿ ಕಿವಿಗೆ ಬಿತ್ತು ಅಂದರೆ ಹಾಡಿನ ಕಾಲವನ್ನು ನೀವು ಅರ್ಧ ಊಹಿಸಿದಂತೆಯೇ.

ನಿಧಾನ ಮಾಡಿಕೊಳ್ಳದೆ ಆ ವೇಗದಲ್ಲೇ ಬಿಟ್ಟರೆ ಇನ್ನೊಂದು ಮಜಾ. ಗಾಯಕಿಯ ದನಿ ಪುಟ್ಟ ಮಗುವಿನ ದನಿಯಷ್ಟು ತೆಳ್ಳಗಾಗುತ್ತದೆ. ಟೇಪ್ ರೆಕಾರ್ಡರ್ ಬೇಗ ಓಡಿದ ಹಾಗೆ. ಕಾನ್ಯೆ ವೆಸ್ಟ್ ಅನ್ನುವ ರ‍್ಯಾಪರ್ 2003ರಲ್ಲಿ 'ಥ್ರೂ ದ ವೈರ್' ಮಾಡಿದ್ದು ಹೀಗೆ. ಕಾರು ಅಪಘಾತದಲ್ಲಿ ದವಡೆ ಮುರಿದು, ತಂತಿ ಹಾಕಿ ಬಿಗಿದಿದ್ದಾಗಲೇ ಹಾಡಿದ್ದು. ಹಿಂದೆ ಕೇಳಿಸುವ ತೆಳ್ಳನೆಯ ದನಿ ಚಾಕಾ ಖಾನ್ ಅವರದು. 80ರ ದಶಕದ 'ಥ್ರೂ ದ ಫೈರ್' ಹಾಡಿನದು. ಬೆಂಕಿ ಹೋಗಿ ತಂತಿ ಬಂತು, ಅಷ್ಟೇ. ಇಂಥ ಹಾಡು ಸಿಕ್ಕಿದರೆ ಫೋನಿನಲ್ಲಿ ವೇಗವನ್ನು ಮುಕ್ಕಾಲಿಗೆ ಇಳಿಸಿ ಶ್ರುತಿಯೂ ಜೊತೆಗೆ ಇಳಿಯುವ ಹಾಗೆ ಕೇಳಿ ನೋಡಿ. ಅಡಗಿದ್ದ ಗಾಯಕಿ ಎದುರಿಗೆ ಬಂದು ನಿಲ್ಲುತ್ತಾಳೆ.

ಒಂದೇ ಹಾಡಿನ ಮೂರು ಜನ್ಮ

ನಮ್ಮ ಆಟದಲ್ಲಿ ನನಗೆ ಬಹಳ ಇಷ್ಟವಾದ ಸುತ್ತು ಇದು. ಗೆಳೆಯ 2005ರ 'ಗೋಲ್ಡ್ ಡಿಗರ್' ಹಾಕಿದ. ಕಾನ್ಯೆ ವೆಸ್ಟ್ ಅಂತ ಎಲ್ಲರೂ ಹೇಳಿದೆವು. ಅಮೆರಿಕದ ಪಟ್ಟಿಯಲ್ಲಿ ಹತ್ತು ವಾರ ಮೊದಲ ಸ್ಥಾನದಲ್ಲಿದ್ದ ಹಾಡು, ಗೊತ್ತಿಲ್ಲದವರು ಯಾರು? ಶುರುವಿನಲ್ಲಿ ಹಾಡುವುದು ಯಾರು ಅಂತ ಕೇಳಿದ. ಅರ್ಧ ಜನ ರೇ ಚಾರ್ಲ್ಸ್ ಅಂದರು. ಅಲ್ಲ, ಅದು ಜೇಮಿ ಫಾಕ್ಸ್. ಅದಕ್ಕೂ ಸ್ವಲ್ಪ ಮುಂಚೆ ಸಿನಿಮಾದಲ್ಲಿ ರೇ ಚಾರ್ಲ್ಸ್ ಪಾತ್ರ ಮಾಡಿ ಆಸ್ಕರ್ ಗೆದ್ದ ನಟ. ಅದೇ ದನಿಯನ್ನು ಇಲ್ಲಿ ಮತ್ತೆ ತೆಗೆದಿದ್ದಾರೆ. ಆಮೇಲೆ ಡ್ರಮ್ ಬಂದ ಮೇಲೆ ಹಿಂದೆ ಮತ್ತೆ ಮತ್ತೆ ಬರುವ ಕೂಗು ನಿಜವಾದ ರೇ ಚಾರ್ಲ್ಸ್‌ದು. 1954ರ 'ಐ ಗಾಟ್ ಎ ವುಮನ್'ನಿಂದ ಕತ್ತರಿಸಿದ್ದು. ಒಂದೇ ಹಾಡಿನಲ್ಲಿ ಎರಡೂ ಬಗೆ, ಮತ್ತೆ ಹಾಡಿದ್ದೂ ಇದೆ, ಕತ್ತರಿಸಿದ್ದೂ ಇದೆ. ಕಿವಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಅಲ್ಲಿಗೇ ಮುಗಿಯಲಿಲ್ಲ. ರೇ ಚಾರ್ಲ್ಸ್ ಆ ಧಾಟಿಯನ್ನು ತಂದಿದ್ದು ಚರ್ಚಿನಿಂದ. ಸದರ್ನ್ ಟೋನ್ಸ್ ಅನ್ನುವ ಭಜನೆ ಗುಂಪಿನ 'ಇಟ್ ಮಸ್ಟ್ ಬಿ ಜೀಸಸ್' ಅನ್ನುವ ಹಾಡನ್ನು ಅವರು ಕಾರಿನ ರೇಡಿಯೋದಲ್ಲಿ ಕೇಳಿದ್ದರು. ದೇವರಿದ್ದ ಜಾಗದಲ್ಲಿ ಹೆಣ್ಣನ್ನು ಕೂರಿಸಿದರು. ಚರ್ಚಿಗೆ ಹೋಗುವ ಎಷ್ಟೋ ಜನಕ್ಕೆ ಸಿಟ್ಟು ಬಂತು. ಆದರೆ ಭಜನೆಯ ಆವೇಶ, ಪ್ರೀತಿಯ ಮಾತು ಎರಡೂ ಸೇರಿದ ಈ ಬೆರಕೆಗೇ ಮುಂದೆ ಸೋಲ್ ಅಂತ ಹೆಸರಾಯಿತು. ದಾಸರ ಪದದ ಧಾಟಿಗೆ ಯಾರೋ ಪ್ರೇಮಗೀತೆ ಬರೆದರೆ ನಮ್ಮ ಊರಿನಲ್ಲಿ ಏನಾಗುತ್ತಿತ್ತೋ, ಅಲ್ಲೂ ಅದೇ ಆಯಿತು. ಚರ್ಚು, ಸೋಲ್, ಹಿಪ್‌ಹಾಪ್. ಐವತ್ತು ವರ್ಷ ಒಂದೇ ಧಾಟಿ ಮನೆ ಬದಲಾಯಿಸುತ್ತಾ ಬಂದಿದೆ.

ಊರಿಗೊಂದು ಸದ್ದು

ಸೋಲ್ ಹಾಡು ಮಾತ್ರ ಹಾಕಿ, ಯಾರು ಹಾಡಿದ್ದು ಅಂತ ಕೇಳುವ ಬದಲು ಯಾವ ಊರಿನದು ಅಂತ ಕೇಳಿ ನೋಡಿ. ಕಷ್ಟ ಅನ್ನಿಸಬಹುದು, ಆದರೆ ಕಲಿತರೆ ಬರುತ್ತದೆ.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯನ್ನು 1959ರಲ್ಲಿ ಶುರು ಮಾಡಿದ ಬೆರ‍್ರಿ ಗಾರ್ಡಿ ಅದಕ್ಕೆ ಮುಂಚೆ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಮನೆಯವರಿಂದ 800 ಡಾಲರ್ ಸಾಲ ತಂದು ಕಂಪನಿ ಹೂಡಿದರು. ಕಾರು ತಯಾರಿಸುವ ಹಾಗೆಯೇ ಹಾಡು ತಯಾರಿಸಿದರು. ಬರೆಯುವವರು ಒಂದು ಕಡೆ, ನುಡಿಸುವವರು ಒಂದು ಕಡೆ, ಕೊನೆಗೆ ಗುಣಮಟ್ಟ ನೋಡುವ ಮೀಟಿಂಗು. ಒಂದು ಸಾಧಾರಣ ಮನೆಯೇ ಸ್ಟುಡಿಯೋ. ಮೋಟೌನ್ ಹಾಡಿನಲ್ಲಿ ಟ್ಯಾಂಬುರಿನ್ ಗಲಗಲ ಅನ್ನುತ್ತಿರುತ್ತದೆ, ಮೇಲೆ ಪಿಟೀಲುಗಳ ಹೊದಿಕೆ ಇರುತ್ತದೆ. ಅದಕ್ಕಿಂತ ಮುಖ್ಯ ಬಾಸ್ ಗಿಟಾರ್. ಜೇಮ್ಸ್ ಜೇಮರ್ಸನ್ ಅನ್ನುವ ವಾದ್ಯಗಾರ ಬಲಗೈಯ ಒಂದೇ ಬೆರಳಿನಲ್ಲಿ ತಂತಿ ಮೀಟುತ್ತಿದ್ದರು. ಆ ಬಾಸ್ ಒಂದು ಕಡೆ ನಿಲ್ಲುವುದೇ ಇಲ್ಲ. ಗಾಯಕರ ಪಕ್ಕದಲ್ಲಿ ತನ್ನದೇ ಹಾಡು ಹಾಡಿಕೊಂಡು ನಡೆಯುತ್ತದೆ.

ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋ ಒಂದು ಹಳೇ ಟಾಕೀಸು. ಸೀಟು ಕಿತ್ತರು, ನೆಲ ಮಾತ್ರ ಇಳಿಜಾರಾಗಿಯೇ ಉಳಿಯಿತು. ಅಲ್ಲಿ ಪಿಟೀಲು ಕಡಿಮೆ, ಕಹಳೆ ಜಾಸ್ತಿ. ಅಲಂಕಾರ ಇಲ್ಲ, ದೊಡ್ಡ ಕೋಣೆಯ ಗಾಳಿ ಕೇಳಿಸುತ್ತದೆ. ಅಲ್ಲಿನ ಕಾಯಂ ಬ್ಯಾಂಡಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ನುಡಿಸುತ್ತಿದ್ದರು. ಹೊರಗೆ ಅದೇ ಊರಿನಲ್ಲಿ ಅವರು ಒಟ್ಟಿಗೆ ಕೂತು ಊಟ ಮಾಡುವುದೂ ಕಷ್ಟವಿದ್ದ ಕಾಲ ಅದು.

70ರ ದಶಕದ ಫಿಲಡೆಲ್ಫಿಯಾ ಅಂದರೆ ಮದುವೆ ಮನೆಯ ಸಡಗರ. ಇಡೀ ಪಿಟೀಲು ತಂಡ, ಕಹಳೆ, ಕೆಳಗೆ ನುಣುಪಾದ ಡ್ರಮ್. ಡಿಸ್ಕೋಗೆ ಬಾಗಿಲು ತೆಗೆದದ್ದು ಆ ಊರೇ.

ಮೊದಲು ಹಾಡಿದ್ದು ಯಾರು?

ಇದು ಎಂಥವರನ್ನೂ ಬೀಳಿಸುವ ಪ್ರಶ್ನೆ. 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್' ಯಾರದು? ಮಾರ್ವಿನ್ ಗೇ, 1968. ಸರಿ. ಆದರೆ ಅದಕ್ಕೆ ಒಂದು ವರ್ಷ ಮುಂಚೆ, 1967ರಲ್ಲಿ, ಗ್ಲಾಡಿಸ್ ನೈಟ್ ಮತ್ತು ಪಿಪ್ಸ್ ಅದೇ ಹಾಡು ಹಾಡಿ ಗೆದ್ದಿದ್ದರು. ಹಾಗಾದರೆ ಅವರೇ ಮೊದಲಾ? ಮಾರ್ವಿನ್ ಗೇ ತಮ್ಮ ಹಾಡನ್ನು ಅವರಿಗಿಂತ ಮುಂಚೆಯೇ ರೆಕಾರ್ಡ್ ಮಾಡಿದ್ದರು. ಕಂಪನಿ ಅದನ್ನು ಹೊರಗೆ ಬಿಟ್ಟಿರಲಿಲ್ಲ. ಇವರಿಬ್ಬರಿಗೂ ಮುಂಚೆ, 1966ರಲ್ಲೇ, ಸ್ಮೋಕಿ ರಾಬಿನ್ಸನ್ ಮತ್ತು ಮಿರಕಲ್ಸ್ ಹಾಡಿ ಆಗಿತ್ತು. ಹಾಡಿನ ಇಸವಿ ಕೇಳುವವರು ಹಾಡಿದ ಇಸವಿಯೋ ಬಿಡುಗಡೆಯಾದ ಇಸವಿಯೋ ಅಂತ ಮೊದಲು ಹೇಳಬೇಕು.

'ರೆಸ್ಪೆಕ್ಟ್' ಕೂಡ ಹಾಗೇ. ಬರೆದು ಹಾಡಿದ್ದು ಓಟಿಸ್ ರೆಡ್ಡಿಂಗ್, 1965ರಲ್ಲಿ. ದುಡಿದು ಮನೆಗೆ ಬರುವ ಗಂಡಸು ನನಗೆ ಮರ್ಯಾದೆ ಕೊಡು ಅಂತ ಕೇಳುವ ಹಾಡು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನು ತಿರುಗಿಸಿ ಹೆಂಗಸಿನ ಬಾಯಿಗೆ ಕೊಟ್ಟರು. ಆ ಪದದ ಏಳು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹಾಡುವ ಜಾಗ ಇದೆಯಲ್ಲ, ಲೋಕಕ್ಕೆಲ್ಲ ನೆನಪಿರುವ ಜಾಗ, ಅದು ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ಅರೀಥಾ ಸೇರಿಸಿದ್ದು. ಎರಡನ್ನೂ ಒಂದಾದ ಮೇಲೊಂದು ಕೇಳಿ. ಬರೆದವರೊಬ್ಬರು, ಹಾಡು ಸೇರಿದ್ದು ಇನ್ನೊಬ್ಬರಿಗೆ.

ನಮ್ಮ ಕಿವಿಗೆ ಮೊದಲು ಬೀಳುವುದು

ಆಟದ ನಡುವೆ ಗೆಳೆಯ ಕೂಲಿಯೋನ 'ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್' ಹಾಕಿದ. 1995ರಲ್ಲಿ ಅಮೆರಿಕದ ವರ್ಷದ ಪಟ್ಟಿಯ ಮೊದಲ ಹಾಡು. ಇದರ ತಾಯಿ ಸ್ಟೀವಿ ವಂಡರ್ ಅವರ 1976ರ 'ಪಾಸ್‌ಟೈಮ್ ಪ್ಯಾರಡೈಸ್'. ಸ್ಟೀವಿ ಒಪ್ಪಿಗೆ ಕೊಡುವಾಗ ಒಂದು ಷರತ್ತು ಹಾಕಿದ್ದರು, ಬೈಗುಳ ಇರಬಾರದು ಅಂತ. ಕೂಲಿಯೋ ಸಾಹಿತ್ಯ ಬದಲಾಯಿಸಿದ. ಆ ಕಾಲದ ರ‍್ಯಾಪ್‌ನಲ್ಲಿ ಬೈಗುಳ ಇಲ್ಲದ ಹಾಡು ಅಷ್ಟು ದೊಡ್ಡದಾಗಿ ಓಡಿದ್ದರ ಹಿಂದೆ ಹಿರಿಯರೊಬ್ಬರ ಮಾತಿತ್ತು.

ಆಮೇಲೆ ಸ್ಟೀವಿಯವರ ಮೂಲ ಹಾಡನ್ನು ಪೂರ್ತಿ ಹಾಕಿದ. ಹಾಡು ಕೊನೆಗೆ ಬಂತು, ಹಿಂದೆ ಒಂದು ಗುಂಪು ಹಾಡುತ್ತಿದೆ. ನಾವು ಮಾತಾಡುತ್ತಿದ್ದೆವು. ಬೋಂಡದ ತಟ್ಟೆ ಹಿಡಿದು ಬಂದ ಅಮ್ಮ ನಡುಮನೆಯಲ್ಲೇ ನಿಂತುಬಿಟ್ಟರು. "ಏ, ಹರೇ ಕೃಷ್ಣ ಅಂತಿದಾರೆ ಕಣ್ರೋ!"

ಹೌದು. ಆ ಹಾಡಿನ ಕೊನೆಯಲ್ಲಿ ಚರ್ಚಿನ ಗಾಯಕವೃಂದವೂ ಹರೇ ಕೃಷ್ಣ ಭಕ್ತರೂ ಒಟ್ಟಿಗೆ ಹಾಡಿದ್ದಾರೆ. ಎಷ್ಟೋ ವರ್ಷದಿಂದ ಈ ಹಾಡು ಕೇಳಿದ್ದ ನಾವು ಯಾರೂ ಅದನ್ನು ಕೇಳಿಸಿಕೊಂಡಿರಲಿಲ್ಲ.

ಅಲ್ಲಿಂದ ಮುಂದೆ ಅಮ್ಮ ಕುರ್ಚಿ ಎಳೆದುಕೊಂಡು ಕೂತರು. ಸ್ಟೀವಿಯವರದೇ 1970ರ 'ಸೈನ್ಡ್, ಸೀಲ್ಡ್, ಡೆಲಿವರ್ಡ್' ಶುರುವಾದ ಕೂಡಲೇ "ಇದು ಸಿತಾರ್ ಅಲ್ವಾ?" ಅಂದರು. ಮುಕ್ಕಾಲು ಪಾಲು ಸರಿ. ಅದು ಎಲೆಕ್ಟ್ರಿಕ್ ಸಿತಾರ್. ಗಿಟಾರಿನ ಹಾಗೆ ಹಿಡಿದು ನುಡಿಸುವ, ಸಿತಾರಿನ ಹಾಗೆ ಝೇಂಕರಿಸುವ ವಾದ್ಯ. ಅಮೆರಿಕದಲ್ಲಿ 1967ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಸೋಲ್ ಹಾಡುಗಳಲ್ಲಿ ಒಂದಷ್ಟು ವರ್ಷ ಎಲ್ಲಿ ನೋಡಿದರೂ ಅದೇ.

ನಂಟು ಇನ್ನೊಂದು ದಿಕ್ಕಿನಲ್ಲೂ ಇದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಅನ್ನುವ ಗಾಯಕಿಯ 'ಅಡಿಕ್ಟಿವ್' ಅಮೆರಿಕದ ರೇಡಿಯೋದಲ್ಲಿ ಸದ್ದು ಮಾಡಿತು. ಅದರ ಹಿಂದೆ ಕೇಳಿಸುವುದು ಲತಾ ಮಂಗೇಶ್ಕರ್ ದನಿ. 1981ರ 'ಜ್ಯೋತಿ' ಅನ್ನುವ ಹಿಂದಿ ಸಿನಿಮಾದ 'ಥೋಡಾ ರೇಶಮ್ ಲಗತಾ ಹೈ'. ಸಂಗೀತ ಬಪ್ಪಿ ಲಹರಿ. ಯಾರನ್ನೂ ಕೇಳದೆ ತೆಗೆದುಕೊಂಡಿದ್ದರು. ವಿಷಯ ಕೋರ್ಟಿಗೆ ಹೋಯಿತು. 2003ರಲ್ಲಿ ಲಾಸ್ ಏಂಜಲಿಸ್‌ನ ನ್ಯಾಯಾಧೀಶರು ಬಪ್ಪಿ ಲಹರಿ ಅವರ ಹೆಸರು ಹಾಕದೆ ಆ ಸಿಡಿ ಮಾರುವಂತಿಲ್ಲ ಅಂದರು.

ಕೇಳದೆ ತೆಗೆದುಕೊಳ್ಳುವ ಕಾಲ ಅಷ್ಟೊತ್ತಿಗೆ ಮುಗಿದಿತ್ತು. ಅದನ್ನು ಮುಗಿಸಿದ್ದು 1991ರ ಡಿಸೆಂಬರ್‌ನ ಒಂದು ತೀರ್ಪು. ಬಿಜ್ ಮಾರ್ಕಿ ಅನ್ನುವ ರ‍್ಯಾಪರ್ ಗಿಲ್ಬರ್ಟ್ ಓಸಲಿವನ್ ಅವರ 1972ರ ಹಾಡಿನ ತುಣುಕು ಬಳಸಿದ್ದ. ನ್ಯಾಯಾಧೀಶರು ತೀರ್ಪು ಶುರು ಮಾಡಿದ್ದೇ ಬೈಬಲ್ಲಿನ 'ಕದಿಯಬೇಡ' ಅನ್ನುವ ಆಜ್ಞೆಯಿಂದ. ಬಿಜ್ ಮಾರ್ಕಿಯ ಮುಂದಿನ ಆಲ್ಬಮ್ಮಿನ ಹೆಸರೇ 'ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್', ಅಂದರೆ ಎಲ್ಲದಕ್ಕೂ ಅನುಮತಿ ಪಡೆದಿದ್ದೇನೆ ಅಂತ. ಅಲ್ಲಿಂದ ಒಂದೊಂದು ತುಣುಕಿಗೂ ಕಾಗದಪತ್ರ, ದುಡ್ಡು. ಒಂದೇ ಹಾಡಿನಲ್ಲಿ ಹತ್ತಾರು ತುಣುಕು ಹೊಲಿಯುತ್ತಿದ್ದ ಕೌದಿ ಕೆಲಸ ಬಡವರ ಕೈಗೆ ನಿಲುಕದಂತಾಯಿತು. ಡಿ ಲಾ ಸೋಲ್ ಗುಂಪಿನ 1989ರ ಮೊದಲ ಆಲ್ಬಮ್ ಅಂಥ ಕೌದಿ. ಅದು ಫೋನಿನಲ್ಲಿ ಕೇಳಲು ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ.

ಕದಿಯಬಾರದು ಅನ್ನುವುದು ಸರಿ. ಬಪ್ಪಿ ಲಹರಿಗೆ ಹೆಸರು ಸಿಗಬೇಕಿತ್ತು, ಸಿಕ್ಕಿತು. ಆದರೆ ಆ ಕಾನೂನು ಕಾಯುವುದು ಬರೆದವರನ್ನು, ಕಂಪನಿಯನ್ನು. ಹಿಪ್‌ಹಾಪ್‌ಗೆ ಬೇಕಾಗಿದ್ದು ಡ್ರಮ್. ಡ್ರಮ್ ಬಡಿದವನನ್ನು ಯಾರು ಕಾದರು?

ಇಪ್ಪತ್ತು ಸೆಕೆಂಡು

ಗೆಳೆಯ ಕೊನೆಗೆ ಇಟ್ಟುಕೊಂಡಿದ್ದ ಪ್ರಶ್ನೆ ಇದೇ. ಹಾಡು ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್'. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ರೆಕಾರ್ಡ್ ಆಗಿದ್ದು, 1970ರಲ್ಲಿ ಬಿಡುಗಡೆ. ಪೂರ್ತಿ ಹಾಡು ಏಳು ನಿಮಿಷದ ಆಸುಪಾಸು. ಮೊದಲ ಐದು ನಿಮಿಷ ಅಂಥ ವಿಶೇಷ ಏನೂ ನಡೆಯುವುದಿಲ್ಲ. ಆಮೇಲೆ ಬ್ರೌನ್ ಮಾತಾಡುತ್ತಾರೆ. "ನಾನು ಎಣಿಸಿದಾಗ ಎಲ್ಲರೂ ನಿಲ್ಲಿಸಿ, ಡ್ರಮ್ಮರ್‌ಗೆ ಜಾಗ ಕೊಡಿ" ಅನ್ನುತ್ತಾರೆ. ಡ್ರಮ್ಮರ್‌ಗೆ ಇನ್ನೊಂದು ಮಾತು ಹೇಳುತ್ತಾರೆ: ನೀನು ವಿದ್ಯೆ ತೋರಿಸಬೇಡ, ಈಗ ಏನು ನುಡಿಸುತ್ತಿದ್ದೀಯೋ ಅದನ್ನೇ ನುಡಿಸು.

ನಮ್ಮ ತನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಇಲ್ಲಿ ಲೆಕ್ಕಾಚಾರ ಇಲ್ಲ, ಮುಕ್ತಾಯ ಇಲ್ಲ. ಕ್ಲೈಡ್ ಸ್ಟಬಲ್‌ಫೀಲ್ಡ್ ಅನ್ನುವ ಆ ಡ್ರಮ್ಮರ್ ಸುಮಾರು ಇಪ್ಪತ್ತು ಸೆಕೆಂಡು ಅದೇ ನಡೆಯನ್ನು ನುಡಿಸುತ್ತಾರೆ, ಅಷ್ಟೇ. ಬಲಗೈ ಬಿಡದೆ ಟಿಕಟಿಕ ಅನ್ನುತ್ತಿರುತ್ತದೆ. ಎಡಗೈ ದೊಡ್ಡ ಪೆಟ್ಟುಗಳ ನಡುವೆ ಪಿಸುಮಾತಿನಷ್ಟು ಸಣ್ಣ ಪೆಟ್ಟು ಹಾಕುತ್ತದೆ. ಆ ಸಣ್ಣ ಪೆಟ್ಟುಗಳಿಂದಲೇ ತಾಳ ಉರುಳುತ್ತದೆ. ಈ ಇಪ್ಪತ್ತು ಸೆಕೆಂಡು ಮುಂದೆ ಪಬ್ಲಿಕ್ ಎನಿಮಿಯ 'ಫೈಟ್ ದ ಪವರ್'ಗೆ ಹೋಯಿತು, ಎಲ್‌ಎಲ್ ಕೂಲ್ ಜೆಯ 'ಮಾಮಾ ಸೆಡ್ ನಾಕ್ ಯು ಔಟ್'ಗೆ ಹೋಯಿತು, ಹಿಪ್‌ಹಾಪ್ ದಾಟಿ ಐರ್ಲೆಂಡಿನ ಶಿನೇಡ್ ಓಕಾನರ್ ಹಾಡಿಗೂ ಹೋಯಿತು. ಇಂಥ ನೂರಾರು ಹಾಡುಗಳಿವೆ.

ಸ್ಟಬಲ್‌ಫೀಲ್ಡ್ ಅವರಿಗೆ ಸಿಕ್ಕಿದ್ದು ಅವತ್ತಿನ ಕೂಲಿ. ಹಾಡು ಬರೆದವರು ಅಂತ ಇದ್ದದ್ದು ಜೇಮ್ಸ್ ಬ್ರೌನ್ ಹೆಸರು. ತಾಳ ಕಟ್ಟಿದ್ದಕ್ಕೆ ರಾಯಲ್ಟಿ ಇಲ್ಲ. 'ಅಮೆನ್, ಬ್ರದರ್' ಅನ್ನುವ 1969ರ ಹಾಡಿನ ಏಳು ಸೆಕೆಂಡಿನ ಬ್ರೇಕ್ ಇಂಗ್ಲೆಂಡಿನಲ್ಲಿ ಒಂದು ಸಂಗೀತ ಪ್ರಕಾರವನ್ನೇ ಹುಟ್ಟುಹಾಕಿತು. ಅದನ್ನು ನುಡಿಸಿದ ಗ್ರೆಗೊರಿ ಕೋಲ್ಮನ್‌ಗೂ ಅದರಿಂದ ಬಿಡಿಗಾಸು ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ತಲೆ ಮೇಲೆ ಸೂರೂ ಇರಲಿಲ್ಲ. ಸ್ಟಬಲ್‌ಫೀಲ್ಡ್ ಮ್ಯಾಡಿಸನ್ ಅನ್ನುವ ಊರಿನಲ್ಲಿ ಕ್ಲಬ್ಬಿನಲ್ಲಿ ಡ್ರಮ್ ಬಡಿಯುತ್ತಾ ಬದುಕಿದರು. ಕ್ಯಾನ್ಸರ್ ಬಂದಾಗ ಸುಮಾರು 90,000 ಡಾಲರಿನ ಆಸ್ಪತ್ರೆ ಬಿಲ್ಲನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ್ದರು. 2017ರ ಫೆಬ್ರವರಿಯಲ್ಲಿ ಸ್ಟಬಲ್‌ಫೀಲ್ಡ್ ತೀರಿಕೊಂಡರು.

ಗೆಳೆಯ ಬ್ರೇಕ್ ಮಾತ್ರ ಹಾಕಿ, "ಯಾರು?" ಅಂತ ಕೇಳಿದ. ಬಾಯಿಪಾಠದ ಗೆಳೆಯ ಜೇಮ್ಸ್ ಬ್ರೌನ್ ಅಂದ. ಇನ್ನೊಬ್ಬ ಪಬ್ಲಿಕ್ ಎನಿಮಿ ಅಂದ. ನಾನೂ ಬ್ರೌನ್ ಅಂತಲೇ ಅಂದಿದ್ದೆ. ಅಮ್ಮ ಏನೂ ಅನ್ನಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಒಂದು ಪೆಟ್ಟು ಕೈ ತಪ್ಪಿತು. ಮತ್ತೆ ಹಿಡಿದುಕೊಂಡರು.

"ಬಾರಿಸ್ತಿರೋದು ಯಾರೋ ಇದು?" ಅಂತ ಕೇಳಿದರು. "ಹಾಡಿದವರು ಅಲ್ಲ, ಬಾರಿಸಿದವರು."

ಗೆಳೆಯ ಹೆಸರು ಹೇಳಿದ. ಅವರು ಎರಡು ಸಲ ಹೇಳಿ ನೋಡಿದರು, ಬಾಯಿಗೆ ಸರಿಯಾಗಿ ಬರಲಿಲ್ಲ. "ಇನ್ನೊಂದ್ಸಲ ಹಾಕು" ಅಂದರು.